ಮೇಳಕ್ಕೆ ಯಾವ ಪಟ್ಟಿಯ ವಾದ್ಯ?
ಶಾಲಾ ಸಂಗೀತದಲ್ಲಿ ಮೌತ್ ಆರ್ಗನ್ ಹಾಗೂ ಪೇಟಿಯ ಆಯ್ಕೆ

ಪೀಠಿಕೆ

ಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳಲ್ಲಿ ದಿನವು ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಬಸವ ಜಯಂತಿ, ಶ್ರಾವಣ ಮಾಸದ ಪ್ರವಚನ, ವಾರ್ಷಿಕ ಸ್ನೇಹ ಸಮ್ಮೇಳನ ಮೊದಲಾದ ಯಾವ ಸಮಾರಂಭವೂ ವಚನ ಗಾಯನವಿಲ್ಲದೆ ಪೂರ್ಣವೆನಿಸುವುದಿಲ್ಲ. ಇಂತಹ ಶಾಲೆಗಳಿಗೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಾದ್ಯಗಳನ್ನು ಕಾಣಿಕೆಯಾಗಿ ನೀಡುವುದು ಸ್ತುತ್ಯವಾದ ಪದ್ಧತಿ. ಆದರೆ ವಾದ್ಯವನ್ನು ಕೊಳ್ಳುವಾಗ ಬೆಲೆಯನ್ನೂ ಅಂದವನ್ನೂ ತಯಾರಕರ ಹೆಸರನ್ನೂ ವಿಚಾರಿಸುವವರು ಬಹಳ; ಹಾಡುವವರ ಷಡ್ಜ ಯಾವುದೆಂದು ವಿಚಾರಿಸುವವರು ವಿರಳ.

ಈ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟುದರ ಫಲವನ್ನು ಮಕ್ಕಳು ಅನುಭವಿಸಬೇಕಾಗುತ್ತದೆ. ವಾದ್ಯಕ್ಕೆ ಅನುಕೂಲವಾದ ಸ್ವರದಲ್ಲಿ ಹಾಡು ಎತ್ತಲ್ಪಡುತ್ತದೆ. ಅದು ನಿಲುಕದ ಮಕ್ಕಳು ಮೊದಲು ಕಿರುಚುತ್ತಾರೆ, ಅನಂತರ ತುಟಿಯನ್ನಷ್ಟೇ ಆಡಿಸುತ್ತಾರೆ, ಕೊನೆಗೆ ತಮಗೆ ಸಂಗೀತ ಬಾರದೆಂದು ನಂಬಿ ಸುಮ್ಮನಾಗುತ್ತಾರೆ. ಆದುದರಿಂದ ವಾದ್ಯದ ಆಯ್ಕೆಯು ಕೇವಲ ಖರೀದಿಯ ವಿಷಯವಲ್ಲ. ಅದು ಶಿಕ್ಷಣದ ವಿಷಯ. ಕಂಠಕ್ಕೆ ತಕ್ಕ ವಾದ್ಯವನ್ನು ಆರಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರೀಡಿನ ವಾದ್ಯಗಳ ಸ್ವಭಾವ

ಜನರು ಪೇಟಿ ಎಂದು ಕರೆಯುವ ಹಾರ್ಮೋನಿಯಂ ಮತ್ತು ಅಂಗೈಯಲ್ಲಿ ಅಡಗುವ ಮೌತ್ ಆರ್ಗನ್ ಇವೆರಡೂ ಒಂದೇ ಮನೆತನದ ವಾದ್ಯಗಳು. ಎರಡರಲ್ಲಿಯೂ ಲೋಹದ ತೆಳುವಾದ ರೀಡು ಗಾಳಿಯ ಬಲದಿಂದ ಕಂಪಿಸಿ ನಾದವನ್ನು ಹೊರಡಿಸುತ್ತದೆ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ ತನ್ನ ವಾದ್ಯಕ್ಕೆ ಹಾರ್ಮೋನಿಯಂ ಎಂದು ಹೆಸರಿಟ್ಟನು. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ನುಡಿಸುವ ರೂಪಕ್ಕೆ ತಂದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಜರ್ಮನಿಯ ಟ್ರೊಸಿಂಗೆನ್ ಎಂಬ ಊರಿನಲ್ಲಿ ಮಥಿಯಾಸ್ ಹೋನರ್ 1857ರಲ್ಲಿ ಮೌತ್ ಆರ್ಗನ್ ತಯಾರಿಕೆಯನ್ನು ಕೈಗೊಂಡ ಮೇಲೆ ಆ ವಾದ್ಯವು ಜಗತ್ತಿನ ಮೂಲೆಮೂಲೆಗೆ ಹರಡಿತು. ನಮ್ಮ ಜನರಿಗೆ ಅದು ಚಲನಚಿತ್ರಗಳ ಮೂಲಕ ಪ್ರಿಯವಾಯಿತು. 1964ರ ಹಿಂದಿ ಚಿತ್ರ ‘ದೋಸ್ತಿ’ಯಲ್ಲಿ ಊರುಗೋಲು ಹಿಡಿದ ಬಾಲಕನು ನುಡಿಸುವ ಮೌತ್ ಆರ್ಗನ್ನಿನ ನಾದವನ್ನು ಮರೆತವರಿಲ್ಲ, ಲಕ್ಷ್ಮೀಕಾಂತ್–ಪ್ಯಾರೇಲಾಲರ ಸಂಗೀತಕ್ಕೆ ಅದನ್ನು ನುಡಿಸಿದವರು ಆರ್. ಡಿ. ಬರ್ಮನ್.

ಈ ವಾದ್ಯಗಳಿಗೆ ಒಂದು ಮಿತಿಯುಂಟು. ತಂಬೂರಿಯ ತಂತಿಯನ್ನು ಬಿಗಿಯಬಹುದು, ಸಡಿಲಿಸಬಹುದು. ರೀಡನ್ನು ವೇದಿಕೆಯ ಮೇಲೆ ಹಾಗೆ ತಿದ್ದಲಾಗದು. ಪೇಟಿಯ ಹನ್ನೆರಡು ಅರ್ಧಸ್ವರಗಳು ಸಮಾನ ಅಂತರದವು. ಆದ್ದರಿಂದ ತಂಬೂರಿಯಲ್ಲಿ ಸಹಜವಾಗಿ ಹುಟ್ಟುವ ಶುದ್ಧ ಗಾಂಧಾರಕ್ಕಿಂತ ಪೇಟಿಯ ಗಾಂಧಾರವು ಸುಮಾರು 14 ಸೆಂಟ್‌ಗಳಷ್ಟು, ಎಂದರೆ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು, ಏರಿಯೇ ಇರುತ್ತದೆ. ಮೀಂಡು, ಆಂದೋಲನಗಳೂ ಪೇಟಿಯಲ್ಲಿ ಸಾಧ್ಯವಿಲ್ಲ. ಇಂತಹ ಆಕ್ಷೇಪಗಳಿಂದಾಗಿ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿರಿಸಿತು. 1971ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಕಲಬುರಗಿಯ ಆಕಾಶವಾಣಿ ಕೇಂದ್ರವು 1966ರಲ್ಲಿ ಆರಂಭವಾದಾಗಲೂ ಆ ನಿರ್ಬಂಧ ಜಾರಿಯಲ್ಲಿತ್ತು. ಆದರೂ ಮಠ, ಭಜನಾ ಮೇಳ, ನಾಟಕ ಕಂಪನಿಗಳಲ್ಲಿ ಪೇಟಿಯ ಸ್ಥಾನವು ಅಲುಗಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಗಾಯನದೊಡನೆ ಹಾರ್ಮೋನಿಯಂ ವಾದನದಲ್ಲಿಯೂ ಸಿದ್ಧಿ ಪಡೆದು, ನೂರಾರು ಶಿಷ್ಯರನ್ನು ತಯಾರು ಮಾಡಿದುದು ಸರ್ವವಿದಿತ.

ಪಟ್ಟಿ ಎಂದರೇನು?

ಗಾಯಕನು ಯಾವ ಮನೆಯನ್ನು ಷಡ್ಜವಾಗಿ ಹಿಡಿಯುತ್ತಾನೋ ಅದು ಅವನ ಪಟ್ಟಿ. ಪೇಟಿಯ ಒಂದು ಸಪ್ತಕದಲ್ಲಿ ಏಳು ಬಿಳಿ ಮನೆಗಳು, ಐದು ಕರಿ ಮನೆಗಳು. ಇವನ್ನು ಎಡದಿಂದ ಬಲಕ್ಕೆ ಎಣಿಸಿ ಬಿಳಿ 1, ಕರಿ 1 ಎಂದು ಕರೆಯುವುದು ವಾಡಿಕೆ. ಅಂಗಡಿಯಲ್ಲಿ ದೊರೆಯುವ ಮೌತ್ ಆರ್ಗನ್ನುಗಳ ಮೇಲೆ ಇಂಗ್ಲಿಷ್ ಅಕ್ಷರಗಳಿರುವುದರಿಂದ ಎರಡು ಹೆಸರುಗಳನ್ನೂ ತಿಳಿದಿರತಕ್ಕದ್ದು.

ಬಿಳಿ 1 – ಸಿ. ಕರಿ 1 – ಡಿ ಫ್ಲಾಟ್ (ಸಿ ಶಾರ್ಪ್). ಬಿಳಿ 2 – ಡಿ. ಕರಿ 2 – ಇ ಫ್ಲಾಟ್. ಬಿಳಿ 3 – ಇ. ಬಿಳಿ 4 – ಎಫ್. ಕರಿ 3 – ಎಫ್ ಶಾರ್ಪ್. ಬಿಳಿ 5 – ಜಿ. ಕರಿ 4 – ಎ ಫ್ಲಾಟ್. ಬಿಳಿ 6 – ಎ. ಕರಿ 5 – ಬಿ ಫ್ಲಾಟ್. ಬಿಳಿ 7 – ಬಿ.

ಪುರುಷ ಗಾಯಕರು ಸಾಮಾನ್ಯವಾಗಿ ಬಿಳಿ 1ರಿಂದ ಬಿಳಿ 2ರವರೆಗಿನ ಪಟ್ಟಿಗಳಲ್ಲಿ ಹಾಡುತ್ತಾರೆ. ಕರಿ 1 ಹೆಚ್ಚು ರೂಢಿಯಲ್ಲಿದೆ. ಸ್ತ್ರೀಯರಿಗೆ ಕರಿ 4ರಿಂದ ಕರಿ 5ರವರೆಗಿನ ಪಟ್ಟಿಗಳು ಒಗ್ಗುತ್ತವೆ. ಕರಿ 1ಕ್ಕೂ ಕರಿ 4ಕ್ಕೂ ಇರುವ ಅಂತರವು ಷಡ್ಜ–ಪಂಚಮಗಳ ಅಂತರವೇ ಆಗಿದೆ. ಮೌತ್ ಆರ್ಗನ್ನಿನ ಆಯ್ಕೆಗೆ ಇದೇ ಕೀಲಿಕೈಯಾಗಿರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಮೊದಲು ಕಂಠ, ಅನಂತರ ಪಟ್ಟಿ

ಮಕ್ಕಳ ಗುಂಪಿಗೆ ಪಟ್ಟಿಯನ್ನು ನಿರ್ಧರಿಸುವ ಕ್ರಮ ಸರಳವಾದುದು. ಮಕ್ಕಳು ಆಯಾಸವಿಲ್ಲದೆ ಮುಟ್ಟುವ ಕೆಳಗಿನ ಸ್ವರವನ್ನೂ ಮೇಲಿನ ಸ್ವರವನ್ನೂ ಪೇಟಿಯ ಮೇಲೆ ಗುರುತಿಸಬೇಕು. ಹಾಡಿನ ಕೆಳಗಿನ ಸ್ವರವನ್ನೂ ಮೇಲಿನ ಸ್ವರವನ್ನೂ ಹಾಗೆಯೇ ಗುರುತಿಸಬೇಕು. ಎರಡನೆಯದು ಮೊದಲನೆಯದರೊಳಗೆ ಅಡಗುವಂತೆ ಷಡ್ಜವನ್ನಿಡಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಗುಂಪಿನ ಮಕ್ಕಳು ಪೇಟಿಯ ನಡುವಣ ಬಿಳಿ 1ಕ್ಕಿಂತ ಕೆಳಗಿರುವ ಬಿಳಿ 6ರಿಂದ, ಮೇಲಿನ ಸಪ್ತಕದ ಬಿಳಿ 2ರವರೆಗೆ ಸುಖವಾಗಿ ಹಾಡಬಲ್ಲರೆಂದು ಭಾವಿಸಿರಿ. ಇದರ ಹರವು 17 ಅರ್ಧಸ್ವರಗಳು. ಅವರು ಕಲಿಯಬೇಕಾದ ಮೊದಲನೆಯ ವಚನದ ಧಾಟಿಯು ಮಂದ್ರ ನಿಷಾದದಿಂದ ತಾರ ಗಾಂಧಾರದವರೆಗೆ ಸಂಚರಿಸುತ್ತದೆ; ಅದರ ಹರವೂ 17. ಇದಕ್ಕೆ ಷಡ್ಜವು ಕರಿ 5 ಆಗಲೇಬೇಕು. ಎರಡನೆಯ ವಚನವು ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಸಾಗುತ್ತದೆ. ಹರವು ಮತ್ತೆ 17. ಆದರೆ ಇದರ ಷಡ್ಜವು ನಡುವಣ ಬಿಳಿ 2. ಮಕ್ಕಳು ಅವರೇ, ಹರವೂ ಅಷ್ಟೇ; ಆದರೂ ಷಡ್ಜವು ನಾಲ್ಕು ಅರ್ಧಸ್ವರಗಳಷ್ಟು ಬೇರೆ. ಮೊದಲನೆಯದನ್ನು ಬಿಳಿ 2ರಲ್ಲಿ ಎತ್ತಿದರೆ ಮಕ್ಕಳು ತಾರ ಗಾಂಧಾರದಲ್ಲಿ ಕಿರುಚುತ್ತಾರೆ. ಎರಡನೆಯದನ್ನು ಕರಿ 5ರಲ್ಲಿ ಎತ್ತಿದರೆ ಮಂದ್ರ ಪಂಚಮದಲ್ಲಿ ಅವರ ದನಿ ಕೇಳಿಸದೆ ಹೋಗುತ್ತದೆ. ಶಾಲೆಗೊಂದೇ ಪಟ್ಟಿ ಎಂಬ ಭಾವನೆ ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಹೆಣ್ಣುಮಕ್ಕಳ ವಿಷಯ. ಗುರುಗಳು ತಮ್ಮ ಕರಿ 1ರಲ್ಲಿಯೇ ಹಾಡು ಕಲಿಸಿದರೆ ಪ್ರೌಢಶಾಲೆಯ ಹುಡುಗಿಯರಿಗೆ ಮೇಲೆ ಹೋದರೆ ಎತ್ತರ, ಕೆಳಗೆ ಬಂದರೆ ಆಳವಾಗಿ, ಎರಡೂ ಸಲ್ಲದೆ ಹೋಗುತ್ತದೆ. ಶರಣರ ಗೋಷ್ಠಿಯಲ್ಲಿ ಅಕ್ಕಮಹಾದೇವಿಯ ನುಡಿಗೆ ಸಮಾನ ಗೌರವವಿತ್ತೆಂದು ಬೋಧಿಸುವ ಶಾಲೆಯಲ್ಲಿ ಅಕ್ಕನ ವಚನವನ್ನು ಹಾಡುವ ಹುಡುಗಿಗೆ ಅವಳ ಷಡ್ಜವೇ ದೊರೆಯದಿರುವುದು ಶೋಭಿಸದು. ಎರಡನೆಯದು ಹದಿಮೂರು, ಹದಿನಾಲ್ಕರ ವಯಸ್ಸಿನ ಗಂಡುಮಕ್ಕಳ ವಿಷಯ. ಆ ಕಾಲದಲ್ಲಿ ಕಂಠವು ಒಡೆದು ದನಿಯು ಕೆಳಗಿಳಿಯುತ್ತದೆ. ಕೆಲವು ತಿಂಗಳು ಹಾಡುವುದೇ ಕಷ್ಟವಾಗುತ್ತದೆ. ಕಂಠ ಕೆಟ್ಟಿತೆಂದು ಹೇಳಿ ಅಂತಹ ಹುಡುಗನನ್ನು ಮೇಳದಿಂದ ಹೊರಗಿಟ್ಟರೆ ಅವನು ಮರಳಿ ಬರುವುದು ಅಪರೂಪ. ಅವನ ಕೈಗೆ ಒಂದು ಮೌತ್ ಆರ್ಗನ್ ಕೊಟ್ಟರೆ, ಕಂಠವು ಮಾಗುವವರೆಗೂ ಅವನು ಸ್ವರದ ಸಂಗದಲ್ಲಿಯೇ ಇರುತ್ತಾನೆ. ಶಾಲೆಯಲ್ಲಿ ಈ ಚಿಕ್ಕ ವಾದ್ಯದ ದೊಡ್ಡ ಉಪಯೋಗ ಇದೇ.

ಮೌತ್ ಆರ್ಗನ್ನಿನ ಬಗೆಗಳು

ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳು ದೊರೆಯುತ್ತವೆ. ಒಂದು, ಟ್ರೆಮೋಲೊ. ಇದರಲ್ಲಿ ಪ್ರತಿ ಸ್ವರಕ್ಕೂ ತುಸು ಭೇದವಿರುವ ಎರಡೆರಡು ರೀಡುಗಳಿದ್ದು ನಾದವು ಅಲೆಯಂತೆ ತೂಗುತ್ತದೆ. ಕೇಳಲು ಇಂಪಾದರೂ ತಂಬೂರಿಯ ನಿಶ್ಚಲ ಶ್ರುತಿಯ ಪಕ್ಕದಲ್ಲಿ ಇದು ಹೊಂದುವುದಿಲ್ಲ. ಎರಡು, ಕ್ರೊಮ್ಯಾಟಿಕ್. ಇದರ ಬದಿಯ ಗುಂಡಿಯನ್ನೊತ್ತಿದರೆ ಹನ್ನೆರಡು ಸ್ವರಗಳೂ ದೊರೆಯುತ್ತವೆ. ಬೆಲೆಯೂ ಅಭ್ಯಾಸವೂ ಅಧಿಕ. ಮೂರು, ಹತ್ತು ರಂಧ್ರಗಳ ಡಯಾಟೋನಿಕ್. ಇಪ್ಪತ್ತು ರೀಡುಗಳ ಈ ವಾದ್ಯವು ಒಂದೇ ಪಟ್ಟಿಗೆ ಕಟ್ಟಿದುದು. ಯಾವ ಪಟ್ಟಿಯದನ್ನು ಕೊಳ್ಳಬೇಕೆಂಬ ಪ್ರಶ್ನೆ ಹುಟ್ಟುವುದು ಈ ಮೂರನೆಯ ಬಗೆಯಲ್ಲಿ.

ಇದರಲ್ಲಿ ಊದಿದರೆ ಒಂದು ಸ್ವರ, ಉಸಿರನ್ನು ಒಳಗೆಳೆದರೆ ಇನ್ನೊಂದು ಸ್ವರ. ನಾಲ್ಕನೆಯ ರಂಧ್ರದಲ್ಲಿ ಊದಿದರೆ ಷಡ್ಜ, ಎಳೆದರೆ ರಿಷಭ. ಐದರಲ್ಲಿ ಗಾಂಧಾರ, ಮಧ್ಯಮ. ಆರರಲ್ಲಿ ಪಂಚಮ, ಧೈವತ. ಏಳನೆಯದರಲ್ಲಿ ಮಾತ್ರ ಕ್ರಮವು ತಿರುವುಮುರುವು: ಎಳೆದರೆ ನಿಷಾದ, ಊದಿದರೆ ತಾರ ಷಡ್ಜ. ಮೊದಲ ಮೂರು ರಂಧ್ರಗಳಲ್ಲಿ ಮಧ್ಯಮವೂ ಧೈವತವೂ ನೇರವಾಗಿ ದೊರೆಯುವುದಿಲ್ಲವಾದುದರಿಂದ ಕಲಿಯುವವರು ನಾಲ್ಕನೆಯದರಿಂದಲೇ ಆರಂಭಿಸಬೇಕು.

ಒಂದು ವಾದ್ಯ, ಆರು ಥಾಟುಗಳು

ಶುದ್ಧ ಸ್ವರಗಳ ಈ ಪುಟ್ಟ ವಾದ್ಯದಲ್ಲಿ ಬಿಲಾವಲ್ ಒಂದೇ ಇದೆಯೆಂದು ಭಾವಿಸಬೇಕಾಗಿಲ್ಲ. ಷಡ್ಜದ ಸ್ಥಾನವನ್ನು ಬದಲಿಸಿದರೆ ಅವೇ ಸ್ವರಗಳು ಬೇರೆ ಥಾಟನ್ನು ಕಟ್ಟಿಕೊಡುತ್ತವೆ. ನಮ್ಮ ಶಾಸ್ತ್ರವು ಇದನ್ನು ಮೂರ್ಛನೆ ಎಂಬ ಹೆಸರಿನಲ್ಲಿ ಬಹುಕಾಲದಿಂದ ಬಲ್ಲದು. ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ನಿರೂಪಿಸಿದ ಹತ್ತು ಥಾಟುಗಳಲ್ಲಿ ಆರು ಇಲ್ಲಿ ಲಭ್ಯ. ವಾದ್ಯದ ಷಡ್ಜವನ್ನು ಹಾಡಿನ ಷಡ್ಜವೆಂದು ಹಿಡಿದರೆ ಬಿಲಾವಲ್; ವಾದ್ಯದ ರಿಷಭವನ್ನು ಹಿಡಿದರೆ ಕಾಫಿ; ಗಾಂಧಾರವನ್ನು ಹಿಡಿದರೆ ಭೈರವಿ; ಮಧ್ಯಮವನ್ನು ಹಿಡಿದರೆ ಕಲ್ಯಾಣ; ಪಂಚಮವನ್ನು ಹಿಡಿದರೆ ಖಮಾಜ್; ಧೈವತವನ್ನು ಹಿಡಿದರೆ ಆಸಾವರಿ. ಭೈರವ, ಪೂರ್ವಿ, ಮಾರವಾ, ತೋಡಿ ಈ ನಾಲ್ಕು ಥಾಟುಗಳು ಈ ವಾದ್ಯಕ್ಕೆ ಸಹಜವಲ್ಲ. ಅವುಗಳಿಗೆ ಪೇಟಿಯೇ ಗತಿ.

ಕೊಳ್ಳುವವರಿಗೆ ಬೇಕಾದುದು ಇದರ ವಿಲೋಮ ಸೂತ್ರ. ಗಾಯಕನ ಷಡ್ಜವು ತಿಳಿದಿದೆ. ಯಾವ ವಾದ್ಯವನ್ನು ತೆಗೆಯಬೇಕು? ಬಿಲಾವಲ್‌ಗೆ ಅದೇ ಪಟ್ಟಿಯ ವಾದ್ಯ. ಖಮಾಜ್‌ಗೆ ಗಾಯಕನ ಮಧ್ಯಮದ ವಾದ್ಯ. ಕಾಫಿಗೆ ಕೋಮಲ ನಿಷಾದದ ವಾದ್ಯ. ಆಸಾವರಿಗೆ ಕೋಮಲ ಗಾಂಧಾರದ ವಾದ್ಯ. ಭೈರವಿಗೆ ಕೋಮಲ ಧೈವತದ ವಾದ್ಯ. ಕಲ್ಯಾಣಕ್ಕೆ ಪಂಚಮದ ವಾದ್ಯ. ಈ ಆರು ಮಾತುಗಳನ್ನು ಕಂಠಪಾಠ ಮಾಡಿದವನಿಗೆ ಅಂಗಡಿಯಲ್ಲಿ ಗೊಂದಲವಿಲ್ಲ.

ಎಷ್ಟು ಕೊಳ್ಳಬೇಕು?

ಹನ್ನೆರಡು ಪಟ್ಟಿಗಳ ಪೂರ್ಣ ಪೆಟ್ಟಿಗೆಯನ್ನು ಕೊಂಡರೆ ಚಿಂತೆಯಿಲ್ಲವೆಂದು ತೋರಬಹುದು. ಆದರೆ ಅದರಲ್ಲಿ ಅರ್ಧದಷ್ಟು ವಾದ್ಯಗಳು ಬಳಕೆಯಿಲ್ಲದೆ ಧೂಳು ಹಿಡಿಯುತ್ತವೆ. ಪುರುಷರ ಕರಿ 1, ಸ್ತ್ರೀಯರ ಕರಿ 4 ಎಂಬ ಎರಡು ರೂಢಿಯ ಪಟ್ಟಿಗಳನ್ನು ಮುಂದಿಟ್ಟುಕೊಂಡು ಮೇಲಿನ ಸೂತ್ರವನ್ನು ಅನ್ವಯಿಸಿದರೆ ಈ ಫಲಿತಾಂಶ ದೊರೆಯುತ್ತದೆ.

1. ಕರಿ 1ರ ವಾದ್ಯ: ಪುರುಷರಿಗೆ ಬಿಲಾವಲ್, ಸ್ತ್ರೀಯರಿಗೆ ಖಮಾಜ್.
2. ಕರಿ 3ರ ವಾದ್ಯ: ಪುರುಷರಿಗೆ ಖಮಾಜ್, ಸ್ತ್ರೀಯರಿಗೆ ಕಾಫಿ.
3. ಬಿಳಿ 7ರ ವಾದ್ಯ: ಪುರುಷರಿಗೆ ಕಾಫಿ, ಸ್ತ್ರೀಯರಿಗೆ ಆಸಾವರಿ.
4. ಕರಿ 4ರ ವಾದ್ಯ: ಪುರುಷರಿಗೆ ಕಲ್ಯಾಣ, ಸ್ತ್ರೀಯರಿಗೆ ಬಿಲಾವಲ್.
5. ಬಿಳಿ 3ರ ವಾದ್ಯ: ಪುರುಷರಿಗೆ ಆಸಾವರಿ, ಸ್ತ್ರೀಯರಿಗೆ ಭೈರವಿ.

ಐದು ವಾದ್ಯಗಳು ಹತ್ತು ಕೆಲಸಗಳನ್ನು ಮಾಡುತ್ತವೆ. ಎರಡು ಪಟ್ಟಿಗಳ ನಡುವೆ ಪಂಚಮದ ಅಂತರವಿರುವುದೇ ಇದಕ್ಕೆ ಕಾರಣ. ಉಳಿದುದು ಪುರುಷರ ಭೈರವಿ ಮತ್ತು ಸ್ತ್ರೀಯರ ಕಲ್ಯಾಣ. ಕಾರ್ಯಕ್ರಮವನ್ನು ಭೈರವಿಯಿಂದ ಮುಗಿಸುವ ಸಂಪ್ರದಾಯವಿರುವುದರಿಂದ ಆರನೆಯದಾಗಿ ಬಿಳಿ 6ರ ವಾದ್ಯವನ್ನು ಸೇರಿಸುವುದು ಉಚಿತ. ಸ್ತ್ರೀಯರ ಕಲ್ಯಾಣಕ್ಕೆ ಕರಿ 2ರ ವಾದ್ಯವನ್ನು ಅನಂತರ ಕೊಳ್ಳಬಹುದು. ಹಣವು ಎರಡಕ್ಕಷ್ಟೇ ಸಾಲುವುದಾದರೆ ಪಟ್ಟಿಯ ಮೊದಲಿನ ಎರಡು ವಾದ್ಯಗಳೇ ಸಾಕು.

ಇಲ್ಲಿ ಒಂದು ವ್ಯಾವಹಾರಿಕ ತೊಡಕಿದೆ. ಅಂಗಡಿಗಳಲ್ಲಿ ಬಿಳಿ 1ರ ವಾದ್ಯವು ಸುಲಭವಾಗಿ ಸಿಗುವಂತೆ ಕರಿ 1, ಕರಿ 3ರವು ಸಿಗುವುದಿಲ್ಲ, ಹೇಳಿ ತರಿಸಬೇಕಾಗುತ್ತದೆ. ಗಾಯಕರು ಅರ್ಧಸ್ವರ ಇಳಿದು ಬಿಳಿ 1, ಬಿಳಿ 5ರಲ್ಲಿ ಹಾಡಲು ಒಪ್ಪುವುದಾದರೆ ಮೇಲಿನ ಐದರ ಬದಲಿಗೆ ಬಿಳಿ 1, ಬಿಳಿ 4, ಕರಿ 5, ಬಿಳಿ 5, ಕರಿ 2ರ ವಾದ್ಯಗಳು ಸಾಕು. ಶಾಲೆಯ ಅಭ್ಯಾಸಕ್ಕೆ ಇದು ಸಲ್ಲುತ್ತದೆ. ಆದರೆ ವೇದಿಕೆಯಲ್ಲಿ ಅತಿಥಿ ಗಾಯಕರಿಗೆ ಸಾಥ್ ನೀಡುವವನು ಅವರನ್ನು ತನ್ನ ವಾದ್ಯಕ್ಕಾಗಿ ಇಳಿಸತಕ್ಕದ್ದಲ್ಲ.

ಇನ್ನೊಂದು ಸಂಗತಿ: ಪೇಟಿಯಲ್ಲಿ ಪಕ್ಕಪಕ್ಕದಲ್ಲಿರುವ ಕರಿ 3 ಮತ್ತು ಬಿಳಿ 5 ಮೌತ್ ಆರ್ಗನ್ನಿನಲ್ಲಿ ಎರಡು ತುದಿಗಳು. ಸಾಮಾನ್ಯ ಶ್ರೇಣಿಯಲ್ಲಿ ಬಿಳಿ 5ರ ವಾದ್ಯವು ಅತ್ಯಂತ ಗಂಭೀರ, ಕರಿ 3ರ ವಾದ್ಯವು ಅತ್ಯಂತ ತೀಕ್ಷ್ಣ. ಕರಿ 3ನ್ನು ಮೆಲ್ಲಗೆ ಊದಬೇಕು, ಮೈಕಿನಿಂದ ದೂರ ಹಿಡಿಯಬೇಕು.

ಮೇಳದ ನಡಾವಳಿ

ಮೌತ್ ಆರ್ಗನ್ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಬಾರದ ವಾದ್ಯ. ಪ್ರತಿ ವಿದ್ಯಾರ್ಥಿಗೂ ಅವನದೇ ಇರಬೇಕು. ಆದ್ದರಿಂದ ಗುಂಪಿಗಾಗಿ ಕೊಳ್ಳುವಾಗ ಬೇರೆ ಬೇರೆ ಪಟ್ಟಿಗಳನ್ನು ತರದೆ ಎಲ್ಲರಿಗೂ ಒಂದೇ ಪಟ್ಟಿಯದನ್ನು ತರತಕ್ಕದ್ದು. ಇಪ್ಪತ್ತು ಮಕ್ಕಳ ಕೈಯಲ್ಲಿ ಇಪ್ಪತ್ತು ಪಟ್ಟಿಗಳಿದ್ದರೆ ಅದು ಮೇಳವಲ್ಲ, ಸಂತೆ. ಬಿಳಿ 1ರ ವಾದ್ಯವು ಇದಕ್ಕೆ ತಕ್ಕುದು. ಹಿಂದೆ ಉದಾಹರಿಸಿದ ಎರಡನೆಯ ವಚನವು ಕಾಫಿ ಥಾಟಿನದಾಗಿದ್ದರೆ, ಬಿಳಿ 2ರ ಷಡ್ಜಕ್ಕೆ ಬೇಕಾದುದು ಬಿಳಿ 1ರ ವಾದ್ಯವೇ.

ಪೇಟಿಯ ವಿಷಯದಲ್ಲಿ ಮನೆಗಳನ್ನು ಸರಿಸಬಲ್ಲ ಸ್ಕೇಲ್ ಚೇಂಜರ್ ಎಂಬ ಬಗೆಯುಂಟು. ಒಂದೇ ಬೆರಳಿನ ಅಭ್ಯಾಸವಿದ್ದವನೂ ಇದರಲ್ಲಿ ಹಲವು ಪಟ್ಟಿಗಳನ್ನು ನುಡಿಸಬಹುದು. ಆದರೆ ಇದು ತೂಕದ ವಾದ್ಯ, ದುರಸ್ತಿಯೂ ಕಷ್ಟ. ಒಂದು ಗಟ್ಟಿಯಾದ ಸಾಮಾನ್ಯ ಪೇಟಿಯನ್ನು ಕೊಂಡು, ಕರಿ 1, ಬಿಳಿ 2, ಕರಿ 4, ಕರಿ 5 ಈ ನಾಲ್ಕು ಷಡ್ಜಗಳಿಂದಲೂ ಅಲಂಕಾರಗಳನ್ನು ನುಡಿಸಲು ಶಿಕ್ಷಕರು ಕಲಿತರೆ ಆ ಖರ್ಚು ಉಳಿಯುತ್ತದೆ. ತಬಲಾದ ದಾಯಾಂ ಒಂದೆರಡು ಅರ್ಧಸ್ವರಗಳಷ್ಟೇ ಏರಿಳಿಯಬಲ್ಲದು. ಆದರೆ ಕರಿ 1ರ ದಾಯಾಂ ಕರಿ 4ರ ಗಾಯಕಿಗೆ ಮಧ್ಯಮವಾಗಿ ಒದಗುವುದರಿಂದ, ಮಧ್ಯಮವಿರುವ ರಾಗಗಳಲ್ಲಿ ಇಬ್ಬರಿಗೂ ಒಂದೇ ಸಾಕಾಗುತ್ತದೆ.

ಕಲಬುರಗಿಯ ಬೇಸಿಗೆಯೂ ಲೆಕ್ಕಕ್ಕೆ ಬರಬೇಕಾದ ವಿಷಯ. ಒಣ ಬಿಸಿಲಿಗೆ ತಬಲಾದ ಚರ್ಮ ಬಿಗಿದು ಶ್ರುತಿಯು ಏರುತ್ತದೆ. ರೀಡು ಅದರೊಡನೆ ಏರುವುದಿಲ್ಲ. ಕಮಲಾಪುರದಿಂದ ಮಕ್ಕಳ ತಂಡವೊಂದು ಸುಮಾರು 35 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಕಲಬುರಗಿಯ ಡಾ. ಎಸ್. ಎಂ. ಪಂಡಿತ ರಂಗಮಂದಿರದಲ್ಲಿ ಹಾಡಬೇಕಾಗಿದೆಯೆಂದು ಭಾವಿಸಿರಿ. ಬಸ್ಸಿನ ಮೇಲೆ ಪೇಟಿಯನ್ನು ಹೇರಿ ತಂದರೆ ಧೂಳಿಗೂ ಕುಲುಕಾಟಕ್ಕೂ ರೀಡು ಕೆಡುವ ಭಯ. ತರದಿದ್ದರೆ ನಗರದ ಸಾಥಿಯ ಪಟ್ಟಿಗೆ ಮಕ್ಕಳು ಒಗ್ಗಬೇಕಾದೀತೆಂಬ ಭಯ. ಇದಕ್ಕೆ ಪರಿಹಾರ ಸುಲಭ. ಹಾಡುಗಳ ಪಟ್ಟಿಯನ್ನು ಮುಂಚಿತವಾಗಿ ಕಳುಹಿಸುವಾಗ ಪ್ರತಿ ಹಾಡಿನ ಮುಂದೆ ಷಡ್ಜ, ಥಾಟು, ತಾಳ ಈ ಮೂರನ್ನು ಬರೆಯತಕ್ಕದ್ದು. ಸಾಥಿಯು ತಕ್ಕ ದಾಯಾಂ ತರುತ್ತಾನೆ. ಮೌತ್ ಆರ್ಗನ್ ನುಡಿಸುವ ಹುಡುಗನು ಜೇಬಿನಲ್ಲಿ ತಕ್ಕ ಎರಡು ವಾದ್ಯಗಳನ್ನಿಟ್ಟುಕೊಂಡು ಬರುತ್ತಾನೆ.

ವೇದಿಕೆಯ ಮೇಲೆ ಮೌತ್ ಆರ್ಗನ್ನಿನ ಕೆಲಸ ಸಾಲು ಸಾಲುಗಳ ನಡುವಿನ ತೆರಪನ್ನು ತುಂಬುವುದು. ಹಾಡುವವರ ದನಿಯ ಮೇಲೆ ಏರುವುದಲ್ಲ. ವಚನವು ಛಂದಸ್ಸಿನ ಕಟ್ಟಿಗೆ ಒಳಪಡದ ಮಾತು. ಅರ್ಥವು ಎಲ್ಲಿ ನಿಲ್ಲುವುದೋ ಗಾಯನವೂ ಅಲ್ಲಿ ನಿಲ್ಲಬೇಕು. ಪಂಡಿತ ಮಲ್ಲಿಕಾರ್ಜುನ ಮನಸೂರರು (1910–1992), ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳನ್ನು ಕೇಳಿದವರಿಗೆ ಮಾತಿನ ಮರ್ಯಾದೆ ಎಂದರೇನೆಂಬುದು ತಿಳಿದಿದೆ.

ಉಪಸಂಹಾರ

ವಾದ್ಯವನ್ನು ನೀಡುವುದು ದಾಸೋಹವೇ ಸರಿ. ಹಸಿದವನಿಗೆ ಏನು ಬೇಕೆಂದು ತಿಳಿದು ನೀಡಿದಾಗಲೇ ದಾಸೋಹವು ಸಾರ್ಥಕವಾಗುವಂತೆ, ಹಾಡುವವನ ಕಂಠವನ್ನು ತಿಳಿದು ನೀಡಿದಾಗಲೇ ವಾದ್ಯವು ಸಾರ್ಥಕವಾಗುತ್ತದೆ. ಕೊಡುಗೆ ನೀಡುವ ಮುನ್ನ ದಾನಿಗಳು ಸಂಗೀತ ಶಿಕ್ಷಕರನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು: ಹಾಡುವವರು ಯಾರು? ಅವರ ಷಡ್ಜ ಯಾವುದು? ಅವರು ಹೆಚ್ಚಾಗಿ ಹಾಡುವ ಥಾಟುಗಳು ಯಾವುವು? ಉತ್ತರಗಳನ್ನು ಬರೆದುಕೊಂಡು ಅಂಗಡಿಗೆ ಹೋದರೆ ಹನ್ನೆರಡು ವಾದ್ಯಗಳ ಹಣದಲ್ಲಿ ಐದನ್ನು ಕೊಂಡು, ಉಳಿದ ಹಣವನ್ನು ಪೇಟಿಯ ದುರಸ್ತಿಗೂ ಬಡ ವಿದ್ಯಾರ್ಥಿಗಳ ವಾದ್ಯಗಳಿಗೂ ಬಳಸಬಹುದು. ಶಿಕ್ಷಕರು ಪ್ರತಿ ವರ್ಷ ಶಾಲೆ ತೆರೆದ ಮೊದಲ ವಾರದಲ್ಲಿ ಮಕ್ಕಳ ಕಂಠದ ಹರವನ್ನು ಪರೀಕ್ಷಿಸಿ ದಾಖಲಿಸಬೇಕು. ಕಳೆದ ವರ್ಷದ ಕಂಠವು ಈ ವರ್ಷ ಇರುವುದಿಲ್ಲ. ಹೀಗೆ ನಡೆದಲ್ಲಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತುಟಿಯನ್ನಷ್ಟೇ ಆಡಿಸುವ ಮಕ್ಕಳ ಸಂಖ್ಯೆ ಕಡಿಮೆಯಾಗುವುದರಲ್ಲಿ ಸಂದೇಹವಿಲ್ಲ.